ಹಳೇ ಕಾರಿನ ಇಂಜಿನ್ ರೀಬೋರ್‌ಗೆ ಕೊಡುವವರು ಇದನ್ನು ಓದಿ

ಮೊದಲೇ ಹೇಳಿಬಿಡುತ್ತೇನೆ. ರೀಬೋರ್ ಅಂದರೆ ಸವೆದ ಸಿಲಿಂಡರಿನ ಒಳಗೋಡೆಯನ್ನು ಮಷೀನಿನಲ್ಲಿ ಕೊರೆದು ಸ್ವಲ್ಪ ದೊಡ್ಡದು ಮಾಡುವುದು. ಹಾಗೆ ಮಾಡಿಸಿದ ಇಂಜಿನ್ನನ್ನು ಹೆಡ್ (ಸಿಲಿಂಡರ್‌ಗಳ ಮೇಲಿನ ಮುಚ್ಚಳ) ಮುಚ್ಚಿ ಕೊಟ್ಟರೆ ತಗೋಬೇಡಿ. ಎಷ್ಟು ವರ್ಷದ ಅಂಗಡಿಯಾದರೂ ಸರಿ, ಯಾರು ಶಿಫಾರಸು ಮಾಡಿದ್ದರೂ ಸರಿ, ತಗೋಬೇಡಿ. ಬೋರ್, ಅಂದರೆ ಪಿಸ್ಟನ್ ಓಡಾಡುವ ಸಿಲಿಂಡರಿನ ಒಳಭಾಗ, ನಿಮ್ಮ ಕಣ್ಣಿಗೆ ಕಾಣಬೇಕು. ಪಿಸ್ಟನ್ ತಲೆ ಮೇಲಿನ ನಂಬರ್ ಕಣ್ಣಿಗೆ ಕಾಣಬೇಕು. ನನಗೆ 34,500 ರೂಪಾಯಿ ಹೋಗಿದೆ, ಅದಕ್ಕಿಂತ ಜಾಸ್ತಿ ಮರ್ಯಾದೆ ಹೋಗಿದೆ. ಇನ್ನೂ ಕೋಪ ಇಳಿದಿಲ್ಲ.

ಗಾಡಿ 1984ರ ಪ್ರೀಮಿಯರ್ ಪದ್ಮಿನಿ, ಸೋದರಮಾವನದ್ದು. ನಮ್ಮ ಮನೆಯಲ್ಲಿ ಯಾರೂ ಪದ್ಮಿನಿ ಅನ್ನಲ್ಲ, ಫಿಯಟ್ ಅಂತಲೇ ಕರೆಯುವುದು. ಸ್ಟೇರಿಂಗ್ ಪಕ್ಕದಲ್ಲೇ ಗೇರ್ ಇರುವ ಮಾಡೆಲ್, 1089 ಸಿಸಿ. ಮೈಸೂರಿನಲ್ಲಿ ಮನೆ ಪಕ್ಕದ ಶೀಟಿನ ಶೆಡ್ಡಿನಲ್ಲಿ ಇಟ್ಟುಕೊಂಡು ಭಾನುವಾರ ಬಂದರೆ ಅದರ ಕೆಲಸ ಮಾಡುತ್ತೇನೆ. ಬ್ರೇಕ್ ಸಿಲಿಂಡರ್, ವೈರಿಂಗ್, ಕಾರ್ಬುರೇಟರ್, ರೇಡಿಯೇಟರ್ ಹೋಸು, ಎಲ್ಲ ನನ್ನ ಕೈಯಲ್ಲೇ ಆಗಿದೆ. ಚೈನ್ ಬ್ಲಾಕ್ ಬಾಡಿಗೆಗೆ ತಂದು ಇಂಜಿನ್ ಇಳಿಸಿದ್ದೂ ಮನೆಯಲ್ಲೇ. ಆದರೆ ಬೋರ್ ಹೊಡೆಯುವ ಕೆಲಸ ಮನೆಯಲ್ಲಿ ಆಗಲ್ಲ ಅಲ್ವಾ, ಅದಕ್ಕೆ ಮಷೀನ್ ಬೇಕು. ಹೊರಗೆ ಕೊಡಲೇಬೇಕು. ಅಲ್ಲೇ ಮೋಸ ಆಗಿದ್ದು.

ಬೆಂಗಳೂರಿನ ಒಂದು ರೀಬೋರಿಂಗ್ ಅಂಗಡಿಗೆ ಕೊಟ್ಟೆ. ಹೆಸರು ಹಾಕುವುದಿಲ್ಲ, ದೂರು ಕೊಟ್ಟಿದ್ದೇನೆ, ಅದು ಅದರ ಪಾಡಿಗೆ ನಡೆಯಲಿ. ಮಾಲೀಕರು ನನ್ನ ಎದುರಿಗೇ ಬೋರ್ ಗೇಜ್ ಇಳಿಸಿ ನೋಡಿದರು. "ಸಾರ್, ಬೋರ್ ಓವಲ್ ಆಗಿದೆ. ಇನ್ನೂ ಸ್ಟ್ಯಾಂಡರ್ಡ್‌ನಲ್ಲೇ ಇದೆ, ಒಂದು ಸಲಾನೂ ಕಟಿಂಗ್ ಆಗಿಲ್ಲ. ಇಪ್ಪತ್ತು ಸೈಜ್ ಮಾಡಿದ್ರೆ ಹೊಸ ಇಂಜಿನ್ ಥರ ಆಗತ್ತೆ" ಅಂದರು. ಹೇಳಿದ್ದೆಲ್ಲ ಸರಿಯಾಗಿಯೇ ಇತ್ತು. ಫಿಯಟ್‌ನ ಕಂಪನಿ ಬೋರ್ 68 ಮಿಲಿಮೀಟರ್. ಇಪ್ಪತ್ತು ಸೈಜ್ ಅಂದರೆ ಇಂಚಿನ ಸಾವಿರದಲ್ಲಿ 20 ಭಾಗ, ಹತ್ತಿರ ಹತ್ತಿರ ಅರ್ಧ ಮಿಲಿಮೀಟರ್ ದೊಡ್ಡದು. ಅದಕ್ಕೆ ತಕ್ಕಂತೆ ಪಿಸ್ಟನ್ನೂ ದೊಡ್ಡದು ಬೇಕು. "ಫಿಯಟ್ ಪಿಸ್ಟನ್ ಈಗ ಎಲ್ಲೂ ಸಿಗಲ್ಲ ಸಾರ್, ನಿಮ್ಮ ಅದೃಷ್ಟ, ನನ್ನ ಹತ್ರ ಹಳೇ ಸ್ಟಾಕ್ ಒಂದು ಸೆಟ್ ಇದೆ" ಅಂದರು. ಅದಕ್ಕೇ 14,000.

ಹೆಡ್ ನಾನೇ ಕೂರಿಸಿಕೊಳ್ಳುತ್ತೇನೆ ಅಣ್ಣ, ಬ್ಲಾಕ್ (ಸಿಲಿಂಡರ್‌ಗಳಿರುವ ಇಂಜಿನ್ನಿನ ಮೈ) ಮಾತ್ರ ಕೊಡಿ ಅಂತ ಕೇಳಿದೆ. ಆಗ ಬಂದ ಮಾತನ್ನು ಗಮನಿಸಿ, ನಿಮಗೂ ಇದನ್ನೇ ಹೇಳುತ್ತಾರೆ. "ಹಂಗಾದ್ರೆ ನಾವು ಗ್ಯಾರಂಟಿ ಕೊಡಲ್ಲ ಸಾರ್. ನಾವೇ ಹೆಡ್ ಬಿಗಿದು ಟಾರ್ಕ್ ಮಾಡಿ ಕೊಟ್ರೆ ಆರು ತಿಂಗಳು ಜವಾಬ್ದಾರಿ ನಮ್ದು." ಗ್ಯಾರಂಟಿ ಅಂದರೆ ಯಾರು ಬೇಡ ಅನ್ನುತ್ತಾರೆ? ಇಂಜಿನ್ ಬಂತು. ಹೆಡ್ ಕೂತಿದೆ, ಟ್ಯಾಪೆಟ್ ಕವರ್ ಕೂತಿದೆ, ಹೊರಗೆಲ್ಲ ಬೆಳ್ಳಿ ಬಣ್ಣ ಹೊಡೆದು ಫಳಫಳ ಅನ್ನುತ್ತಿದೆ. ಅಂಗಡಿಯಲ್ಲೇ ಫೋಟೋ ತೆಗೆದು ಎಲ್ಲರಿಗೂ ಕಳಿಸಿದೆ. ಅಂಗಡಿಯ ವಿಳಾಸವನ್ನೂ ಕಳಿಸಿದೆ, ಒಳ್ಳೇ ಕೆಲಸ ಮಾಡುತ್ತಾರೆ ಅಂತ. ಅದನ್ನು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ಸ್ಟಾರ್ಟ್ ಮಾಡುವ ದಿನ ಅಕ್ಕಪಕ್ಕದವರು ಬಂದಿದ್ದರು. ಮಾವ ಶಿವಮೊಗ್ಗದಲ್ಲಿ, ವಿಡಿಯೋ ಕಾಲ್‌ನಲ್ಲಿದ್ದರು. ಹೊತ್ತಿಕೊಂಡಿತು. ಹಿಂದೆ ನೀಲಿ ಹೊಗೆ, ಅಂದರೆ ಇಂಜಿನ್ ಆಯಿಲ್ ಉರಿಯುತ್ತಿದೆ. ಶೆಡ್ ತುಂಬಾ ನೀಲಿ ಹೊಗೆ. ಮಾವ ಏನೂ ಹೇಳಲಿಲ್ಲ, "ಸೆಟ್ ಆಗತ್ತೆ ಬಿಡು" ಅಂದು ಫೋನ್ ಇಟ್ಟರು. ಅವರ ಮುಖ ನೋಡುವುದಕ್ಕೆ ನನಗೆ ನಾಚಿಕೆಯಾಯಿತು.

ಅಂಗಡಿಗೆ ಫೋನ್ ಮಾಡಿದೆ. "ಹೊಸ ರಿಂಗ್ ಸಾರ್, ಕೂರೋಕೆ ಟೈಮ್ ಬೇಕು. ಸಾವಿರ ಕಿಲೋಮೀಟರ್ ನಿಧಾನಕ್ಕೆ ಓಡ್ಸಿ." ಇದು ಪೂರ್ತಿ ಸುಳ್ಳೂ ಅಲ್ಲ. ಪಿಸ್ಟನ್ ಸುತ್ತ ಕೂರುವ ಹೊಸ ರಿಂಗ್ ಬೋರಿಗೆ ಹೊಂದಿಕೊಳ್ಳುವ ತನಕ ಸ್ವಲ್ಪ ಆಯಿಲ್ ತಿನ್ನುವುದು ಇದ್ದದ್ದೇ. ಅದನ್ನೇ ಅವರು ಗುರಾಣಿ ಮಾಡಿಕೊಂಡಿದ್ದಾರೆ. ಓಡಿಸಿದೆ. ಹೊಗೆ ಕಡಿಮೆ ಆಗಲಿಲ್ಲ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಇಳಿಯುತ್ತಲೇ ಹೋಯಿತು. ಪ್ಲಗ್ ಬಿಚ್ಚಿದರೆ ನಾಲ್ಕೂ ಕಪ್ಪಗೆ, ಒದ್ದೆ. ಮತ್ತೆ ಫೋನ್. ಮತ್ತೆ ಅದೇ ಉತ್ತರ. ಆಮೇಲಾಮೇಲೆ "ಯಾವ ಆಯಿಲ್ ಹಾಕಿದೀರಾ ಸಾರ್, ಅದೇ ಪ್ರಾಬ್ಲಂ ಇರ್ಬೇಕು".

ಸಿಲಿಂಡರಿನ ಒಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಗೇಜ್ ಹಾಕಿದೆ. ನಾಲ್ಕೂ ಸಿಲಿಂಡರ್ ಕಡಿಮೆ. ಪ್ಲಗ್ ತೂತಿನಿಂದ ಒಂದೊಂದು ಚಮಚ ಇಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿದರೆ ಮುಳ್ಳು ಸರ್ರನೆ ಮೇಲೆ ಹೋಯಿತು. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಆಯಿಲ್ ಬಿಟ್ಟಾಗ ಕಂಪ್ರೆಷನ್ ಏರಿದರೆ ತೊಂದರೆ ರಿಂಗ್ ಮತ್ತು ಬೋರಿನಲ್ಲಿ. ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್ ಕಡೆ. ನನ್ನದು ಬೋರಿನಲ್ಲಿ. ಹೊಸದಾಗಿ ಹೊಡೆಸಿದ ಬೋರಿನಲ್ಲಿ!

ಹೆಡ್ ಬಿಚ್ಚಿದೆ. ಮೊದಲ ಸಿಲಿಂಡರ್ ಒಳಗೆ ಬೆರಳು ಇಟ್ಟು ಉಗುರನ್ನು ಮೇಲಕ್ಕೆ ಎಳೆದೆ. ಮೇಲಿನ ಅಂಚಿಗೆ ಸ್ವಲ್ಪ ಕೆಳಗೆ ಉಗುರು ತಡೆಯಿತು. ಮೆಟ್ಟಿಲು. ಎರಡನೆಯದರಲ್ಲೂ ಮೆಟ್ಟಿಲು. ನಾಲ್ಕರಲ್ಲೂ. ವರ್ಷಗಟ್ಟಲೆ ರಿಂಗ್ ಉಜ್ಜಿದ ಜಾಗ ಸವೆದು, ರಿಂಗ್ ಮುಟ್ಟದ ಮೇಲಿನ ಅಂಚು ಹಾಗೇ ಉಳಿದಾಗ ಆಗುವ ಮೆಟ್ಟಿಲು ಅದು. ಬೋರ್ ಹೊಡೆದರೆ ಅದು ಇರಲು ಸಾಧ್ಯವೇ ಇಲ್ಲ. ಮೇಲಿಂದ ಕೆಳಗೆ ಒಂದೇ ಸಮ ಆಗಬೇಕು. ಸುಮ್ನೆ ಒಳಗೋಡೆ ಉಜ್ಜುವ ಹೋನಿಂಗ್ ಕಲ್ಲು ಆಡಿಸಿ ಅಡ್ಡಗೆರೆ ಎಬ್ಬಿಸಿದ್ದಾರೆ, ಅಷ್ಟೆ.

ಪಿಸ್ಟನ್ ತಲೆ ಒರೆಸಿದೆ. ಇಪ್ಪತ್ತು ಸೈಜ್ ಆಗಿದ್ದರೆ 020 ಅಂತಲೋ 0.50 ಅಂತಲೋ ಅಚ್ಚು ಇರಬೇಕು. ಇದ್ದದ್ದು ಎಸ್‌ಟಿಡಿ, ಅಂದರೆ ಸ್ಟ್ಯಾಂಡರ್ಡ್, ಕಂಪನಿ ಸೈಜ್. ಅದರ ಸುತ್ತ ವೈರ್ ಬ್ರಷ್‌ನ ಗೀರು. ಮೂರನೇ ಪಿಸ್ಟನ್ ಅಂಚಿನಲ್ಲಿ ಅಕ್ಕಿಕಾಳಿನಷ್ಟು ಒಂದು ಗಾಯ. ಅದನ್ನು ಎಲ್ಲೋ ನೋಡಿದ್ದೇನಲ್ಲ ಅನಿಸಿತು. ಇಂಜಿನ್ ಕೊಡುವ ಮುಂಚೆ ತೆಗೆದ ಫೋಟೋ ಹುಡುಕಿದೆ. ಅದೇ ಗಾಯ, ಅದೇ ಜಾಗ. ನನ್ನ ಪಿಸ್ಟನ್ನನ್ನೇ ಉಜ್ಜಿ ನನಗೇ 14,000ಕ್ಕೆ ಮಾರಿದ್ದಾರೆ! ಹೊಸದು ಅಂತ ಇದ್ದದ್ದು ರಿಂಗ್ ಮಾತ್ರ. ಸವೆದ ಓವಲ್ ಬೋರಿಗೆ ಹೊಸ ರಿಂಗ್ ಹಾಕಿದರೆ ಅದು ಹೇಗೆ ಹೊಂದುತ್ತದೆ? ಕೈಯಲ್ಲಿ ಪಾನಾ ಹಿಡಿದುಕೊಂಡು ಎಷ್ಟು ಹೊತ್ತು ಅಲ್ಲೇ ಕೂತಿದ್ದೆನೋ ಗೊತ್ತಿಲ್ಲ.

ಎರಡೂ ಫೋಟೋ ವಾಟ್ಸಾಪ್ ಮಾಡಿದೆ. ನೋಡಿದರು, ಉತ್ತರ ಇಲ್ಲ. ರಾತ್ರಿ ವಾಯ್ಸ್ ಮೆಸೇಜ್: "ಸಾರ್ ನೀವು ಯಾಕೆ ಬಿಚ್ಚಿದ್ರಿ? ಬಿಚ್ಚಿದ್ಮೇಲೆ ಗ್ಯಾರಂಟಿ ಹೋಯ್ತು. ನೀವೇ ಹಳೇ ಪಿಸ್ಟನ್ ಹಾಕಿ ನಮ್ಮ ಮೇಲೆ ಹೇಳ್ತಿಲ್ಲ ಅಂತ ಏನು ಗ್ಯಾರಂಟಿ?" ಅಂದರೆ ಬೋರಿನ ಮೆಟ್ಟಿಲನ್ನೂ ನಾನೇ ಮಾಡಿದೆನಾ? ನೇರ ಅಂಗಡಿಗೆ ಹೋದೆ. ಅಲ್ಲಿ ಕಥೆ ಬದಲಾಯಿತು. "ಹುಡುಗ ಮಿಸ್ಟೇಕ್ ಮಾಡಿರ್ಬೇಕು ಸಾರ್, ಅವನು ಕೆಲಸ ಬಿಟ್ಟು ಹೋದ." ಹಾಗಾದರೆ ನನ್ನ ಇಪ್ಪತ್ತು ಸೈಜ್ ಸೆಟ್ ಎಲ್ಲಿ, ತೋರಿಸಿ ಅಂದೆ. ಮಾತಿಲ್ಲ. 5,000 ವಾಪಸ್ ಕೊಡ್ತೀನಿ ಅಂದರು. ಆಮೇಲೆ ಬೇರೆ ಬ್ಲಾಕ್ ಕೊಡ್ತೀನಿ ಅಂದರು, ಯಾವುದೋ ಗುಜರಿ ಗಾಡಿಯದ್ದು. ಬ್ಲಾಕ್ ಮೇಲೆ ಇಂಜಿನ್ ನಂಬರ್ ಇರುತ್ತದೆ, ಅದು ಆರ್‌ಸಿಯಲ್ಲಿ ಇರುತ್ತದೆ. 15 ವರ್ಷ ದಾಟಿದ ಗಾಡಿಗೆ ಐದೈದು ವರ್ಷಕ್ಕೆ ಆರ್‌ಟಿಒ ಮುಂದೆ ನಿಲ್ಲಬೇಕು. ನಂಬರ್ ತಾಳೆಯಾಗದಿದ್ದರೆ ಅಲ್ಲಿ ಉತ್ತರ ಕೊಡುವವನು ನಾನು, ಇವರಲ್ಲ. ಇದು ಅವರಿಗೆ ಗೊತ್ತಿಲ್ಲದ ವಿಷಯವಾ?

ಕೊನೆಗೆ ಅಂದ ಮಾತು: "ಹಳೇ ಡಬ್ಬಾಗೆ ಯಾಕಿಷ್ಟು ತಲೆ ಕೆಡಿಸ್ಕೋತೀರಾ ಸಾರ್, ಗುಜರಿಗೆ ಹಾಕಿದ್ರೂ ಇಷ್ಟು ದುಡ್ಡು ಬರಲ್ಲ." ನಮ್ಮಂಥವರ ಬಗ್ಗೆ ಇವರ ಮನಸ್ಸಲ್ಲಿ ಇರುವುದೇ ಇದು. ಹಳೇ ಗಾಡಿ, ಹುಚ್ಚು ಗಿರಾಕಿ, ಏನು ಮಾಡಿಕೊಟ್ಟರೂ ನಡೆಯುತ್ತದೆ.

ದುಡ್ಡು ಕೊಟ್ಟಾಗ ಸಿಕ್ಕ ಚೀಟಿಯನ್ನು ಈಗ ತೆಗೆದು ನೋಡಿದರೆ ಮೇಲೆ "ಎಸ್ಟಿಮೇಟ್" ಅಂತ ಅಚ್ಚಾಗಿದೆ. ಬಿಲ್ ಅಲ್ಲ, ಜಿಎಸ್‌ಟಿ ನಂಬರ್ ಇಲ್ಲ, ಸಹಿ ಇಲ್ಲ. ಯುಪಿಐನಲ್ಲಿ ಕಳಿಸಿದ್ದಕ್ಕೆ ದಾಖಲೆ ಇದೆ, ವಾಯ್ಸ್ ಮೆಸೇಜ್ ಇದೆ, ಎರಡು ಫೋಟೋ ಇವೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸಿದ್ದೇನೆ. ಅಲ್ಲಿ ಆಗದಿದ್ದರೆ ಗ್ರಾಹಕರ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂದ ಮೇಲೆ ನಾವು ವಾಸ ಇರುವ ಜಿಲ್ಲೆಯಲ್ಲೇ ದೂರು ಹಾಕಬಹುದು, ಹಾಗಾಗಿ ಮೈಸೂರಿನಲ್ಲೇ ಹಾಕುತ್ತೇನೆ. 5 ಲಕ್ಷದ ಒಳಗಿದ್ದರೆ ಶುಲ್ಕವೂ ಇಲ್ಲ.

ಕೊಡುವವರು ಇಷ್ಟು ಮಾಡಿ. ಇಂಜಿನ್ ಕೊಡುವ ಮುಂಚೆ ಪ್ರತಿ ಪಿಸ್ಟನ್ನಿನ, ಪ್ರತಿ ಬೋರಿನ ಫೋಟೋ ತೆಗೆಯಿರಿ. ಬ್ಲಾಕ್ ನಂಬರಿನದ್ದೂ ತೆಗೆಯಿರಿ. ಪಿಸ್ಟನ್ ಸೆಟ್ ಮೊದಲು ನಿಮ್ಮ ಕೈಗೆ ಬರಲಿ, ಅದನ್ನು ಅಳೆದು ಅದಕ್ಕೆ ತಕ್ಕ ಹಾಗೆ ಬೋರ್ ಹೊಡೆಯಲಿ. ಹಳೇ ಪಿಸ್ಟನ್, ಹಳೇ ಬೇರಿಂಗ್ ಎಲ್ಲ ವಾಪಸ್ ಕೇಳಿ, "ಗುಜರಿಗೆ ಹಾಕಿದ್ವಿ" ಅಂದರೆ ಅಲ್ಲೇ ಅನುಮಾನ ಪಡಿ. ಬ್ಲಾಕ್ ತೆರೆದೇ ತಗೊಳ್ಳಿ, ಉಗುರು ಹಾಕಿ ನೋಡಿ, ಆಮೇಲೆ ದುಡ್ಡು ಕೊಡಿ. ಗ್ಯಾರಂಟಿ ಕೊಡಲ್ಲ ಅಂದರೆ ಬೇಡ, ಆ ಗ್ಯಾರಂಟಿ ಏನು ಅಂತ ನಾನು ನೋಡಿದ್ದೇನೆ.

ನನ್ನ ಬ್ಲಾಕ್ ಈಗ ಮೈಸೂರಿನಲ್ಲೇ ಇನ್ನೊಬ್ಬರ ಹತ್ತಿರ ಇದೆ. ಇಪ್ಪತ್ತು ಸೈಜ್ ಪಿಸ್ಟನ್ ಹುಡುಕುತ್ತಿದ್ದೇನೆ. ಬೋರ್ ಹೊಡೆಯುವ ದಿನ ನಾನು ಮಷೀನ್ ಪಕ್ಕದಲ್ಲೇ ನಿಲ್ಲುತ್ತೇನೆ ಅಂತ ಹೇಳಿದ್ದೇನೆ, ಅವರು ಬನ್ನಿ ಅಂದಿದ್ದಾರೆ. ನಾನು ಹೇಳಿದೆ ಅಂತ ಆ ಬೆಂಗಳೂರಿನ ಅಂಗಡಿಗೆ ಯಾರಾದರೂ ಇಂಜಿನ್ ಕೊಟ್ಟಿದ್ದರೆ ದಯವಿಟ್ಟು ಹೆಡ್ ಬಿಚ್ಚಿ ನೋಡಿ. ಫೋಟೋ ತೆಗೆದಿಟ್ಟುಕೊಳ್ಳಿ, ಎಸ್ಟಿಮೇಟ್ ಚೀಟಿ ಎಸೀಬೇಡಿ, ನನಗೆ ತಿಳಿಸಿ. ಒಬ್ಬೊಬ್ಬರೇ ಹೋದರೆ 5,000 ಕೊಟ್ಟು ಕಳಿಸುತ್ತಾರೆ, ನಾಲ್ಕು ಜನ ಸೇರಿ ದೂರು ಕೊಡೋಣ.