ಹಾಲಿಲ್ಲದ ಚಹಾ: ಅಸ್ಸಾಂ, ಡಾರ್ಜಿಲಿಂಗ್, ನೀಲಗಿರಿ

ದಿನಕ್ಕೆ ನಾಲ್ಕು ಲೋಟ ಚಹಾ, ಲೋಟಕ್ಕೆ ಎರಡು ಚಮಚ ಸಕ್ಕರೆ. ಲೆಕ್ಕ ಹಾಕಿದ ದಿನ ನನಗೇ ಗಾಬರಿಯಾಯಿತು. ಸಕ್ಕರೆ ಇಲ್ಲದ ಹಾಲಿನ ಚಹಾ ನನ್ನ ನಾಲಿಗೆಗೆ ಒಗ್ಗುವುದಿಲ್ಲ, ಹಾಗಾಗಿ ಹಾಲನ್ನೂ ಬಿಟ್ಟೆ. "ಬರೀ ಡಿಕಾಕ್ಷನ್ ಕುಡೀತೀಯಲ್ಲೋ" ಅಂತ ಅಮ್ಮ ಮೂಗು ಮುರಿದರು. ಮೂರು ಕಡೆಯ ಚಹಾಕ್ಕೆ ಎರಡೆರಡು ವಾರ ಕೊಟ್ಟು ನೋಡಿದೆ.

ಮೊದಲು ಅಸ್ಸಾಂ, ಅದು ಮನೆಯಲ್ಲೇ ಇತ್ತು. ನಮ್ಮ ಡಬ್ಬಿಯಲ್ಲಿದ್ದದ್ದು ಸಿಟಿಸಿ. ಎಲೆಯನ್ನು ಹಲ್ಲಿರುವ ರೋಲರುಗಳ ನಡುವೆ ಜಜ್ಜಿ, ಹರಿದು, ಸುರುಳಿ ಸುತ್ತಿಸಿ ಮಾಡುವ ಸಣ್ಣ ಕಾಳು. 1930ರ ದಶಕದಲ್ಲಿ ಅಸ್ಸಾಮಿನಲ್ಲೇ ಶುರುವಾದ ವಿಧಾನ ಇದು. ಬಣ್ಣ ಬೇಗ ಬಿಡುತ್ತದೆ, ಹಾಲು ಎಷ್ಟು ಸುರಿದರೂ ರುಚಿ ಮುಳುಗುವುದಿಲ್ಲ. ಹಾಲು ತೆಗೆದರೆ ಮಾತ್ರ ಅದೇ ಗುಣ ತಿರುಗಿಬೀಳುತ್ತದೆ. ಮೊದಲ ದಿನ ಅಭ್ಯಾಸದಂತೆ ಐದು ನಿಮಿಷ ಕುದಿಸಿದೆ, ಅಡಿಕೆ ಚೊಗರು ಕುಡಿದ ಹಾಗಾಯಿತು. ಆಮೇಲೆ ಎಲೆಯ ರೂಪದಲ್ಲೇ ಸಿಗುವ ಆರ್ಥೊಡಾಕ್ಸ್ ಅಸ್ಸಾಂ ತಂದೆ. ಕುದಿಸದೆ, ಬಿಸಿನೀರು ಹಾಕಿ ನಾಲ್ಕು ನಿಮಿಷ ಮುಚ್ಚಿಟ್ಟೆ. ಕೆಂಪು ಬಣ್ಣ, ಹುರಿದ ಧಾನ್ಯದಂಥ ಘಮ. ಬೆಳಗಿನ ನಿದ್ದೆಗಣ್ಣಿಗೆ ಇದಕ್ಕೆ ಸಾಟಿ ಇಲ್ಲ. ಖಾಲಿ ಹೊಟ್ಟೆಗೆ ಕುಡಿದಾಗ ಮಾತ್ರ ಎದೆ ಉರಿಯಿತು.

ಡಾರ್ಜಿಲಿಂಗ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ನಾನು ಜಾಸ್ತಿ ಎಡವಿದ್ದು ಇಲ್ಲೇ. ಅಸ್ಸಾಮಿನದು ದೊಡ್ಡ ಎಲೆಯ ಗಿಡ. ಇಲ್ಲಿ ಹೆಚ್ಚಾಗಿ ಚೀನಾ ಮೂಲದ ಸಣ್ಣ ಎಲೆಯ ಗಿಡ. 2004ರಲ್ಲಿ ನಮ್ಮ ದೇಶದ ಮೊದಲ ಜಿಐ ಟ್ಯಾಗ್ (ಇಂಥ ಊರಿನದ್ದೇ ಎಂದು ಹೇಳುವ ಸರ್ಕಾರಿ ಗುರುತು) ಸಿಕ್ಕಿದ್ದು ಈ ಚಹಾಕ್ಕೇ. ಬೆಲೆ ಎಷ್ಟೆಂದರೆ, ನಾನು ತಂದ 100 ಗ್ರಾಂ ಪೊಟ್ಟಣದ ದುಡ್ಡಿಗೆ ಮನೆಯ ಸಿಟಿಸಿ ಅರ್ಧ ಕೆ.ಜಿ. ಬರುತ್ತಿತ್ತು. ಮಾರ್ಚ್–ಏಪ್ರಿಲ್‌ನ ಮೊದಲ ಕೊಯ್ಲಿನ ಎಲೆ ಅದು. ಲೋಟಕ್ಕೆ ಬಗ್ಗಿಸಿದರೆ ತೆಳು ಜೇನಿನ ಬಣ್ಣ! ಇದು ಬ್ಲ್ಯಾಕ್ ಟೀನಾ ಅಂತ ಅನುಮಾನ ಬಂತು. ಅಂಗಡಿಯವರು ಮೋಸ ಮಾಡಿರಲಿಲ್ಲ. ಮೊದಲ ಕೊಯ್ಲಿನ ಎಲೆಯನ್ನು ಪೂರ್ತಿ ಕಪ್ಪಾಗಲು ಬಿಡುವುದಿಲ್ಲ, ಅಷ್ಟೆ. ಕುದಿಯುವ ನೀರು ಸುರಿದರೆ ಕಹಿ, ಐದು ನಿಮಿಷ ಬಿಟ್ಟರೂ ಕಹಿ. ಕುದಿ ನಿಂತ ಮೇಲೆ ಒಂದೆರಡು ನಿಮಿಷ ಆರಿಸಿ ಹಾಕಿ, ಮೂರು ನಿಮಿಷಕ್ಕೆ ಸೋಸಿದರೆ ಹೂವಿನ ಪರಿಮಳ. ಮೇ–ಜೂನ್ ಕೊಯ್ಲಿನದ್ದು ನನಗೆ ಇನ್ನೂ ಹಿಡಿಸಿತು, ದ್ರಾಕ್ಷಿಯ ವಾಸನೆ ಇದೆ. ಅದೇ ಪೊಟ್ಟಣಕ್ಕೆ ಒಂದು ದಿನ ಅಮ್ಮ ಶುಂಠಿ ಜಜ್ಜಿ ಹಾಕಿ, ಹಾಲು ಸುರಿದು ಕುದಿಸಿಬಿಟ್ಟರು. "ಬಣ್ಣವೇ ಬರಲ್ಲ ಕಣೋ, ಹಳೇ ಪುಡಿ ಇರಬೇಕು." ಏನು ಹೇಳಲಿ?

ನೀಲಗಿರಿ ನಮಗೆ ಹತ್ತಿರದ್ದು. ಗುಂಡ್ಲುಪೇಟೆ, ಬಂಡೀಪುರ ದಾಟಿ ಗೂಡಲೂರು ಬಂದರೆ ತೋಟಗಳು ಶುರು. ವರ್ಷವಿಡೀ ಕೊಯ್ಲು ನಡೆಯುತ್ತದೆ. ಘಾಟಿಲ್ಲ, ಒಗರು ಕಡಿಮೆ. ಸಮಯ ಮರೆತು ಆರು ನಿಮಿಷ ಬಿಟ್ಟರೂ ಸಿಟ್ಟಾಗಲಿಲ್ಲ. ನಿಂಬೆಹಣ್ಣು ಹಿಂಡಲು ಮೂರರಲ್ಲಿ ಇದೇ ಸರಿ. ಫ್ರಿಜ್‌ನಲ್ಲಿ ಅಸ್ಸಾಂ, ನೀಲಗಿರಿ ಎರಡನ್ನೂ ಇಟ್ಟು ನೋಡಿದೆ. ಅಸ್ಸಾಂ ಮಸುಕಾಯಿತು, ನೀಲಗಿರಿ ತಿಳಿಯಾಗೇ ಉಳಿಯಿತು. ತಣ್ಣಗಾದಾಗ ಕೆಫೀನ್ ಮತ್ತು ಒಗರಿನ ಅಂಶಗಳು ಒಂದಕ್ಕೊಂದು ಅಂಟಿಕೊಳ್ಳುವುದರಿಂದ ಹೀಗೆ ಮಸುಕಾಗುತ್ತದೆ. ಕೆಟ್ಟಿದೆ ಅಂತಲ್ಲ. ಡಾರ್ಜಿಲಿಂಗಿನ ಪರಿಮಳ ಮಾತ್ರ ಇದರಲ್ಲಿ ಸಿಗುವುದಿಲ್ಲ.

ಇನ್ನು ಆರೋಗ್ಯ. ತಳಿ ಬೇರೆಯಾದರೂ ಮೂರೂ ಒಂದೇ ಜಾತಿಯ ಗಿಡದ ಎಲೆ, ಗ್ರೀನ್ ಟೀ ಕೂಡ ಅದೇ. ಎಲೆ ಗಾಳಿಗೆ ಕಪ್ಪಾಗುವಾಗ ಅದರಲ್ಲಿರುವ ಕ್ಯಾಟೆಚಿನ್‌ ಎಂಬ ಒಗರಿನ ಅಂಶಗಳು ಥಿಯಾಫ್ಲೇವಿನ್‌ನಂಥ ಬೇರೆ ರೂಪಕ್ಕೆ ಬದಲಾಗುತ್ತವೆ. ಇವನ್ನೆಲ್ಲ ಒಳ್ಳೆಯ ಅಂಶಗಳೆಂದೇ ಹೇಳುತ್ತಾರೆ. ಆದರೆ ನನ್ನ ಮಟ್ಟಿಗೆ ದೊಡ್ಡ ಲಾಭ ಬಿಟ್ಟ ಎಂಟು ಚಮಚ ಸಕ್ಕರೆಯದ್ದೇ. ಕಾಫಿಗಿಂತ ಕೆಫೀನ್ ಕಡಿಮೆ ಅಂತ ಧೈರ್ಯವಾಗಿ ರಾತ್ರಿ ಒಂಬತ್ತಕ್ಕೆ ಕುಡಿದೆ, ಹನ್ನೆರಡಾದರೂ ನಿದ್ದೆ ಇಲ್ಲ. ಊಟದ ಜೊತೆಗೂ ಬೇಡ. ಸೊಪ್ಪು, ಕಾಳುಗಳ ಕಬ್ಬಿಣದ ಅಂಶ ಮೈಗೆ ಹತ್ತಲು ಇದು ಅಡ್ಡಿ. ರಕ್ತ ಕಡಿಮೆ ಇರುವವರು ಒಂದು ತಾಸು ಬಿಟ್ಟು ಕುಡಿಯುವುದು ಒಳ್ಳೆಯದು.

ಈಗ ಡಾರ್ಜಿಲಿಂಗ್ ಭಾನುವಾರಕ್ಕೆ ಮಾತ್ರ, ಅದೂ ಅಮ್ಮನ ಕೈಗೆ ಸಿಗದ ಡಬ್ಬಿಯಲ್ಲಿ. ಸಿಟಿಸಿ ಪೂರ್ತಿ ಅಮ್ಮನದು. ಆಫೀಸಿನ ಫ್ಲಾಸ್ಕಿಗೆ ನೀಲಗಿರಿ. ಮಧ್ಯಾಹ್ನ ಮೂರಕ್ಕೆ ಆರಿಹೋಗಿದ್ದರೂ ಕುಡಿಯಬಹುದು, ಅಸ್ಸಾಂ ತುಂಬಿಸಿದ ದಿನಗಳಲ್ಲಿ ಅರ್ಧ ಫ್ಲಾಸ್ಕು ಸಿಂಕಿಗೆ ಹೋಗುತ್ತಿತ್ತು.