ಬ್ರೂನೈ ಪ್ರವಾಸ: ರಾಜಧಾನಿಯನ್ನು ನದಿಯಿಂದ ತೋರಿಸಿದ್ದರೆ ಚೆನ್ನಾಗಿತ್ತು

ನವನಗರದ ಪ್ರವಾಸ ಸಂಸ್ಥೆಯೊಂದು ತನ್ನ ಆಗ್ನೇಯ ಏಷ್ಯಾದ ಪ್ಯಾಕೇಜ್‌ಗಳಿಗೆ ಈಚೆಗೆ ಬ್ರೂನೈಯನ್ನೂ ಸೇರಿಸಿಕೊಂಡಿದೆ. ಸಿಂಗಪುರ, ಮಲೇಶಿಯಾ ನೋಡಿ ಬಂದ ಬಾಗಲಕೋಟೆಯ ಕುಟುಂಬಗಳು ಮುಂದೆಲ್ಲಿಗೆ ಎಂದು ಕೇಳುತ್ತಿದ್ದುದೇ ಇದಕ್ಕೆ ಕಾರಣವೆಂದು ಅವರು ಹೇಳುತ್ತಾರೆ. ನಾವೂ ಮನೆಮಂದಿಯೆಲ್ಲ ಹೋಗಿಬಂದೆವು. ಟಿಕೆಟ್, ವಸತಿ, ವಾಹನ ಇವುಗಳ ಮಟ್ಟಿಗೆ ಕೊಟ್ಟ ಹಣಕ್ಕೆ ಮೋಸವಿಲ್ಲ. ಆದರೆ ರಾಜಧಾನಿ ಬಂದರ್ ಸೆರಿ ಬೆಗವಾನ್ ನದಿಯ ಮೇಲಿಂದ ನೋಡಬೇಕಾದ ನಗರ ಎಂಬುದು ಕಾರ್ಯಕ್ರಮ ರೂಪಿಸಿದವರ ಗಮನಕ್ಕೆ ಬಂದಂತಿಲ್ಲ. ಅದರ ಬಹುಭಾಗವನ್ನು ಅವರು ಬಸ್ಸಿನ ಕಿಟಕಿಯಿಂದಲೇ ತೋರಿಸಿ ಮುಗಿಸುತ್ತಾರೆ.

ಹೊರಡುವ ಮುನ್ನ ಕಚೇರಿಯಲ್ಲಿ ಕೂಡಿಸಿ ದೇಶದ ಪರಿಚಯ ಮಾಡಿಕೊಟ್ಟದ್ದು ಮೆಚ್ಚುವಂಥ ಕೆಲಸ. ಬೋರ್ನಿಯೊ ದ್ವೀಪದ ಉತ್ತರ ಕರಾವಳಿಯಲ್ಲಿರುವ ಬ್ರೂನೈಯ ವಿಸ್ತೀರ್ಣ 5,765 ಚದರ ಕಿಲೋಮೀಟರ್, ಅಂದರೆ ನಮ್ಮ ಬಾಗಲಕೋಟೆ ಜಿಲ್ಲೆಗಿಂತಲೂ ತುಸು ಚಿಕ್ಕದು. ಜನಸಂಖ್ಯೆ ಸುಮಾರು ನಾಲ್ಕೂವರೆ ಲಕ್ಷ. ಇಷ್ಟು ಸಣ್ಣ ನೆಲವನ್ನೂ ಮಲೇಶಿಯಾದ ಲಿಂಬಾಂಗ್ ಪ್ರದೇಶ ನಡುವೆ ಬಂದು ಎರಡು ತುಂಡು ಮಾಡಿದೆ. 1929ರಲ್ಲಿ ಸೆರಿಯಾದಲ್ಲಿ ಸಿಕ್ಕ ತೈಲ ದೇಶದ ದೆಸೆಯನ್ನು ಬದಲಿಸಿತು. 1984ರ ಜನವರಿ 1ರಂದು ಬ್ರಿಟನ್ನಿನಿಂದ ಪೂರ್ಣ ಸ್ವಾತಂತ್ರ್ಯ ಬಂದಾಗ ಪಟ್ಟದಲ್ಲಿದ್ದ ಸುಲ್ತಾನ್ ಹಸನಲ್ ಬೊಲ್ಕಿಯಾ ಅವರೇ ಇಂದಿಗೂ ಆಳುತ್ತಿದ್ದಾರೆ. ಅವರು ಪಟ್ಟವೇರಿದ್ದು 1967ರಲ್ಲಿ. ಆಗ ಪಟ್ಟ ಬಿಟ್ಟುಕೊಟ್ಟ ಅವರ ತಂದೆಯ ಬಿರುದೇ 1970ರಲ್ಲಿ ರಾಜಧಾನಿಯ ಹೆಸರಾಯಿತು.

ಅಲ್ಲಿನ ರೀತಿನೀತಿಗಳನ್ನೂ ಮುಚ್ಚುಮರೆಯಿಲ್ಲದೆ ತಿಳಿಸಿದರು. ಮದ್ಯ ಮಾರಾಟ ಇಡೀ ದೇಶದಲ್ಲಿ ನಿಷಿದ್ಧ. ಯಾರನ್ನಾದರೂ ತೋರುಬೆರಳಿನಿಂದ ತೋರಿಸುವುದು ಅಲ್ಲಿ ಅಸಭ್ಯ. ಬಲಗೈಯ ಹೆಬ್ಬೆರಳನ್ನು ಬಳಸಬೇಕು. ಅಲ್ಲಿನ ಡಾಲರಿಗೂ ಸಿಂಗಪುರದ ಡಾಲರಿಗೂ 1967ರಿಂದ ಒಂದೇ ಬೆಲೆಯಾದ್ದರಿಂದ ಸಿಂಗಪುರದಲ್ಲಿ ಉಳಿದ ನೋಟುಗಳು ಅಲ್ಲಿಯೂ ನಡೆಯುತ್ತವೆ. ಶುಕ್ರವಾರ ಮಧ್ಯಾಹ್ನ 12ರಿಂದ 2 ಗಂಟೆಯವರೆಗೆ ಅಂಗಡಿ, ಹೋಟೆಲುಗಳೆಲ್ಲ ಬಾಗಿಲು ಹಾಕುತ್ತವೆ ಎಂಬುದನ್ನೂ ಹೇಳಿದ್ದರು. ಇಷ್ಟೆಲ್ಲ ಹೇಳಿದವರೇ ನಗರ ವೀಕ್ಷಣೆಯನ್ನು ಶುಕ್ರವಾರಕ್ಕೇ ಇಟ್ಟಿದ್ದು ಮಾತ್ರ ಅರ್ಥವಾಗದ ಸಂಗತಿ. ಆ ಎರಡು ಗಂಟೆ ಮಕ್ಕಳನ್ನು ಕಟ್ಟಿಕೊಂಡು ತಣ್ಣನೆಯ ಬಸ್ಸಿನಲ್ಲಿ ಬಿಸ್ಕಿಟು ತಿನ್ನುತ್ತ ಕಳೆಯಬೇಕಾಯಿತು.

1958ರಲ್ಲಿ ಪೂರ್ಣಗೊಂಡ ಒಮರ್ ಅಲಿ ಸೈಫುದ್ದೀನ್ ಮಸೀದಿ ನಗರದ ಗುರುತು. ಇಟಲಿಯ ಅಮೃತಶಿಲೆ, ಶಾಂಘೈನ ಗ್ರಾನೈಟ್, ಸುತ್ತ ಕೃತಕ ಸರೋವರ, ಅದರಲ್ಲಿ ಹದಿನಾರನೆಯ ಶತಮಾನದ ರಾಜನೌಕೆಯನ್ನು ಹೋಲುವ ಕಟ್ಟಡ, ಮೇಲೆ ಚಿನ್ನದ ಗುಮ್ಮಟ. ಗೋಳಗುಮ್ಮಟವನ್ನು ಚಿಕ್ಕಂದಿನಿಂದ ನೋಡುತ್ತ ಬೆಳೆದ ನಮ್ಮ ಕಡೆಯವರಿಗೆ ಗುಮ್ಮಟದ ಗಾತ್ರ ಅಷ್ಟೇನೂ ಬೆರಗು ಹುಟ್ಟಿಸದು. ಇದರ ಚೆಲುವಿರುವುದು ಸಂಜೆ ದೀಪ ಹಚ್ಚಿದ ಮೇಲೆ ನೀರಿನಲ್ಲಿ ಮೂಡುವ ಪ್ರತಿಬಿಂಬದಲ್ಲಿ, ನಮ್ಮ ಬಸ್ಸು ಅಲ್ಲಿಗೆ ಹೋದದ್ದು ಬಿರುಬಿಸಿಲಿನಲ್ಲಿ.

ಇನ್ನು ಈ ಪ್ರವಾಸದ ತಿರುಳಾಗಬೇಕಿದ್ದ ಕಂಪೊಂಗ್ ಅಯೆರ್, ಬ್ರೂನೈ ನದಿಯ ಮೇಲೆ ಕಂಬಗಳನ್ನು ಊರಿ ಕಟ್ಟಿದ ನೀರೂರು. 1521ರಲ್ಲಿ ಮೆಗಲನ್ ತಂಡದ ಹಡಗುಗಳಲ್ಲಿ ಇಲ್ಲಿಗೆ ಬಂದ ಪಿಗಾಫೆಟ್ಟಾ ಎಂಬ ಇಟಲಿಯವನು ಇಡೀ ನಗರವೇ ಉಪ್ಪುನೀರಿನಲ್ಲಿ ನಿಂತಿರುವುದನ್ನು ಬರೆದಿಟ್ಟಿದ್ದಾನೆ. ಅಂದರೆ ದಡದ ಮೇಲಿನ ಇಂದಿನ ಪೇಟೆ ಬೆಳೆದದ್ದು ಆಮೇಲೆ. ಮೂಲ ರಾಜಧಾನಿ ಇದೇ. ದಡದಿಂದ ಮೋಟಾರು ದೋಣಿಯಲ್ಲಿ ಒಂದು ಡಾಲರಿಗೆ ಆಚೆ ಸೇರಬಹುದು. ದೋಣಿಯಿಂದ ಮೆಟ್ಟಿಲು ಹತ್ತಿದರೆ ಹಲಗೆಯ ಹಾದಿ. ಹಲಗೆಗಳ ಸಂದಿನಲ್ಲಿ ಕೆಳಗಿನ ಕಂದು ನೀರು ಕಾಣುತ್ತದೆ, ಹಾದಿಯ ಅಂಚಿಗೆ ನೀರಿನ ಕೊಳವೆ, ತಲೆಯ ಮೇಲೆ ವಿದ್ಯುತ್ ತಂತಿ. ಜಗುಲಿಗಳಲ್ಲಿ ಹೂಕುಂಡಗಳನ್ನು ಸಾಲಾಗಿ ಇಟ್ಟಿದ್ದಾರೆ. ಶಾಲೆ, ಮಸೀದಿ, ಅಗ್ನಿಶಾಮಕ ಠಾಣೆ ಎಲ್ಲವೂ ನೀರಿನ ಮೇಲೆಯೇ ಇವೆ. ಇಲ್ಲಿನವರು ಕಾರುಗಳನ್ನು ದಡದಲ್ಲಿ ನಿಲ್ಲಿಸಿ ದೋಣಿಯಲ್ಲಿ ಮನೆಗೆ ಹೋಗುತ್ತಾರೆ.

1906ರಲ್ಲಿ ಬ್ರಿಟಿಷ್ ರೆಸಿಡೆಂಟರ ಆಡಳಿತ ಬಂದಂದಿನಿಂದ ಈ ಜನರನ್ನು ದಡಕ್ಕೆ ಕರೆತರುವ ಯತ್ನ ನಡೆದೇ ಇದೆ. ಸರ್ಕಾರ ದಡದ ಮೇಲೆ ಮನೆಗಳನ್ನೂ ಕೊಟ್ಟಿದೆ, ಎಷ್ಟೋ ಮಂದಿ ಹೋಗಿದ್ದಾರೆ. ಆದರೂ ಸಾವಿರಾರು ಜನ ನೀರಿನ ಮೇಲೆಯೇ ಇದ್ದಾರೆ. ಆಲಮಟ್ಟಿಯ ಹಿನ್ನೀರಿಗೆ ಹಳೆ ಬಾಗಲಕೋಟೆಯ ಓಣಿಗಳನ್ನು ಬಿಟ್ಟು ನವನಗರಕ್ಕೆ ಬಂದ ನಮ್ಮ ಗುಂಪಿನ ಹಿರಿಯರಿಗೆ ಇದು ಬರೀ ನೋಟವಾಗಿರಲಿಲ್ಲ. ಮುಳುಗಡೆಯ ಪರಿಹಾರದ ಕಡತ ಹಿಡಿದು ಅಲೆದ ಹಿರಿಯರೊಬ್ಬರು, ಬಿಟ್ಟುಹೋದವರ ಹಳೆಯ ಮನೆಗಳು ಏನಾಗುತ್ತವೆ ಎಂದು ಮಾರ್ಗದರ್ಶಿಯನ್ನು ಕೇಳಿದರು. ಮಾರ್ಗದರ್ಶಿ ಗಡಿಯಾರ ನೋಡಿಕೊಂಡ. ಕಾರ್ಯಕ್ರಮದಲ್ಲಿ ಈ ಊರಿಗೆ ಇಟ್ಟಿದ್ದ ಸಮಯ ಅರ್ಧ ಗಂಟೆಗೂ ಕಡಿಮೆ. ಅಲ್ಲಿಯೇ ಇರುವ ಸಾಂಸ್ಕೃತಿಕ ಗ್ಯಾಲರಿಗೆ ಕಾಲಿಡಲೂ ಆಗಲಿಲ್ಲ.

ಇಲ್ಲಿ ಉಳಿಸಿದ ಹೊತ್ತು ಹೋದದ್ದು ಇಸ್ತಾನ ನೂರುಲ್ ಇಮಾನ್ ಅರಮನೆಯ ಗೇಟಿಗೆ. 1,788 ಕೋಣೆಗಳ ಈ ಅರಮನೆಯೊಳಗೆ ಸಾರ್ವಜನಿಕರಿಗೆ ಪ್ರವೇಶವಿರುವುದು ರಂಜಾನ್ ಮುಗಿದ ಹಬ್ಬದ ಕೆಲವು ದಿನ ಮಾತ್ರ. ಉಳಿದಂತೆ ರಸ್ತೆಯಿಂದ ಕಾಣುವುದು ಗೇಟು, ಕಾವಲುಗಾರರು, ಮರಗಳು. ಅದೇ ದೋಣಿಯಲ್ಲಿ ನದಿಯ ಮೇಲ್ಗಡೆ ಹೋಗಿದ್ದರೆ ಅರಮನೆಯ ಗುಮ್ಮಟಗಳೂ ಕಾಣುತ್ತಿದ್ದವು, ದಡದ ಕಾಂಡ್ಲಾ ಕಾಡಿನಲ್ಲಿ ಉದ್ದಮೂಗಿನ ಕೋತಿಗಳೂ ಸಿಗಬಹುದಿತ್ತು.

ಊಟದ ವಿಷಯದಲ್ಲಿ ದೂರಿಲ್ಲ. ದಿನಕ್ಕೊಂದು ಹೊತ್ತು ಭಾರತೀಯ ಹೋಟೆಲಿನಲ್ಲಿ ಸಸ್ಯಾಹಾರ ಸಿಕ್ಕಿತು, ಉಳಿದ ಹೊತ್ತಿಗೆ ನಾವೇ ಒಯ್ದ ಕಟಕಟಿ ರೊಟ್ಟಿ, ಶೇಂಗಾ ಚಟ್ನಿ ಇದ್ದವು. ಅಲ್ಲಿನವರ ವಿಶೇಷ ತಿನಿಸು ಅಂಬುಯತ್, ಸಾಗು ಪಿಷ್ಟವನ್ನು ಬಿಸಿನೀರಿನಲ್ಲಿ ತಿರುವಿ ಮಾಡಿದ್ದು, ನೋಡಲು ಪೋಸ್ಟರ್ ಹಚ್ಚುವ ಮೈದಾ ಅಂಟಿನಂತೆ. ಅದನ್ನು ಬಿದಿರಿನ ಜೋಡುಕಡ್ಡಿಗೆ ಸುತ್ತಿ, ಹುಳಿಖಾರದ ಗೊಜ್ಜಿನಲ್ಲಿ ಅದ್ದಿ, ಅಗಿಯದೆ ನುಂಗುತ್ತಾರೆ. ಗೊಜ್ಜಿನಲ್ಲಿ ಸಾಮಾನ್ಯವಾಗಿ ಸಿಗಡಿ ಇರುವುದರಿಂದ ಸಸ್ಯಾಹಾರಿಗಳು ಕೇಳಿ ತಿಳಿದುಕೊಂಡೇ ಕೈಹಾಕಬೇಕು.

ದೇಶದ ಇನ್ನೊಂದು ತುಂಡಾದ ತೆಂಬುರಾಂಗ್‌ಗೆ ಹೋದ ದಿನದ ವ್ಯವಸ್ಥೆ ಮಾತ್ರ ಕುಂದಿಲ್ಲದಂತಿತ್ತು. 2020ರಲ್ಲಿ ತೆರೆದ ಸುಮಾರು 30 ಕಿಲೋಮೀಟರ್ ಉದ್ದದ ಸೇತುವೆ ಬಂದ ಮೇಲೆ ಅಲ್ಲಿಗೆ ರಸ್ತೆಯಲ್ಲಿ ಹೋಗಲು ಮಲೇಶಿಯಾದ ಗಡಿ ದಾಟಬೇಕಿಲ್ಲ. ಕಾಡಿನ ಮೇಲಿನ ತೂಗುದಾರಿಗೆ ಸಾವಿರದಷ್ಟು ಮೆಟ್ಟಿಲು ಹತ್ತಬೇಕೆಂದು ಮೊದಲೇ ತಿಳಿಸಿ, ಮೊಣಕಾಲು ನೋವಿರುವವರಿಗೆ ನದಿಯ ದಡದಲ್ಲಿ ಕೂರುವ ಏರ್ಪಾಡು ಮಾಡಿದ್ದರು.

ಶಾಪಿಂಗ್, ರಾತ್ರಿಯ ಗದ್ದಲ ಬೇಕೆನ್ನುವವರು ಸಿಂಗಪುರದಿಂದಲೇ ಹಿಂದಿರುಗುವುದು ಲೇಸು. ಮುಂದಿನ ತಂಡದಲ್ಲಿ ಹೋಗುವವರು ಮುಂಗಡ ಕೊಡುವ ಮೊದಲೇ ನಗರ ವೀಕ್ಷಣೆ ಯಾವ ವಾರವೆಂದು ವಿಚಾರಿಸಲಿ, ಅರಮನೆಯ ಗೇಟನ್ನು ಬಿಟ್ಟು ಅರ್ಧ ದಿನದ ದೋಣಿ ಪ್ರವಾಸ ಸೇರಿಸಲು ಒತ್ತಾಯಿಸಲಿ. ರಂಜಾನ್ ತಿಂಗಳಲ್ಲಿ ಹಗಲು ಹೋಟೆಲಿನಲ್ಲಿ ಕುಳಿತು ಉಣ್ಣಲು ಅವಕಾಶವಿಲ್ಲದ ಕಾರಣ ಚಿಕ್ಕ ಮಕ್ಕಳಿರುವವರು ಆ ತಿಂಗಳನ್ನು ಬಿಡುವುದು ಒಳಿತು.