ಸ್ಪೇನಿನ ಕಡಲತೀರದಲ್ಲಿ ಮೀನು ತಿನ್ನಲು ಕೂರುವ ಮೊದಲು ಇದನ್ನು ಓದಿ

ಬೇಸಿಗೆಯಲ್ಲಿ ಸ್ಪೇನಿಗೆ ಹೊರಟಿರುವವರು, ಅದರಲ್ಲೂ ಮೀನಿಲ್ಲದೆ ಊಟ ಸೇರದ ನಮ್ಮ ಕರಾವಳಿಯವರು, ದಯವಿಟ್ಟು ಇದನ್ನು ಓದಿ. ಕೋಸ್ಟಾ ದೆಲ್ ಸೋಲ್‌ನಲ್ಲಿ, ಮಾಲಗಾ ನಗರದಿಂದ ಹೆಚ್ಚು ದೂರವಿಲ್ಲದ ಒಂದು ತೀರದಲ್ಲಿ, ನಾಲ್ಕು ಜನರ ಮಧ್ಯಾಹ್ನದ ಊಟಕ್ಕೆ ನಮ್ಮ ಮುಂದೆ 192 ಯೂರೊ 40 ಸೆಂಟಿನ ಬಿಲ್ ಇಟ್ಟರು. ದೊಡ್ಡ ರೆಸ್ಟೋರೆಂಟ್ ಎಂದುಕೊಳ್ಳಬೇಡಿ. ಮರಳಿನ ಮೇಲೆ ಪ್ಲಾಸ್ಟಿಕ್ ಕುರ್ಚಿ, ಗಾಳಿಗೆ ಹಾರದಂತೆ ಕ್ಲಿಪ್ ಸಿಕ್ಕಿಸಿದ ಕಾಗದದ ಮೇಜುಹಾಸು. ಇಂಥ ಜಾಗಗಳನ್ನು ಅಲ್ಲಿ ಚಿರಿಂಗಿತೊ ಎನ್ನುತ್ತಾರೆ. ಸಮುದ್ರಸ್ನಾನ ಮಾಡಿದವರು ಒದ್ದೆ ಬಟ್ಟೆಯಲ್ಲೇ ಬಂದು ತಿಂದು ಹೋಗುವ ಜಾಗ. ಅಲ್ಲಿ 192 ಯೂರೊ!

ನಾನು ಜರ್ಮನಿಯಲ್ಲಿ ಕೆಲಸದಲ್ಲಿದ್ದೇನೆ. ಊರಿನಿಂದ ಅಕ್ಕ, ಭಾವ ಬಂದಿದ್ದರು. ಭಾವ ಮಲ್ಪೆಯವರು, ಹುಟ್ಟಿದಾಗಿನಿಂದ ಬಂದರಿನಲ್ಲಿ ಮೀನು ನೋಡಿದವರು. ಅವರಿಗೆ ಸ್ಪೇನಿನ ಮೀನು ತಿನ್ನಿಸಬೇಕೆಂಬ ಆಸೆ ನನ್ನದು. ಆ ಆಸೆಗೇ ಇಷ್ಟೆಲ್ಲ ಆದದ್ದು.

ಒಳ್ಳೆಯದನ್ನು ಮೊದಲು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಅನ್ಯಾಯವಾಗುತ್ತದೆ. ಮಾಲಗಾ ಕಡೆಯ ಎಸ್ಪೆತೊ ನಿಜಕ್ಕೂ ತಿನ್ನಬೇಕಾದದ್ದು. ಹಳೆಯ ದೋಣಿಯಲ್ಲಿ ಮರಳು ತುಂಬಿ, ಅದರ ಮೇಲೆ ಆಲಿವ್ ಕಟ್ಟಿಗೆಯ ಬೆಂಕಿ ಹಾಕಿರುತ್ತಾರೆ. ಸೀಳಿದ ಬೊಂಬಿನ ಕಡ್ಡಿಗೆ ಆರೇಳು ಬೂತಾಯಿ ಪೋಣಿಸಿ, ಗಾಳಿ ನೋಡಿಕೊಂಡು ಬೆಂಕಿಯ ಪಕ್ಕದಲ್ಲಿ ಓರೆಯಾಗಿ ನೆಡುತ್ತಾರೆ. ಹಚ್ಚುವುದು ಉಪ್ಪು ಮಾತ್ರ. ಮೆಣಸಿಲ್ಲ, ಹುಳಿಯಿಲ್ಲ. ಅಕ್ಕ ಮೊದಲು ಮುಖ ಸಿಂಡರಿಸಿದವಳು ಆಮೇಲೆ ಬೆರಳು ನೆಕ್ಕಿದಳು. ಹೊರಗಿನ ಫಲಕದಲ್ಲಿ ಒಂದು ಕಡ್ಡಿಗೆ 6.50 ಯೂರೊ ಎಂದು ಬರೆದಿತ್ತು, ಅಷ್ಟೇ ತೆಗೆದುಕೊಂಡರು. ಅದರಲ್ಲಿ ತಕರಾರಿಲ್ಲ. ಆ ಫಲಕ ನೋಡಿಯೇ ನಾವು ಒಳಗೆ ಹೋದದ್ದು, ಅದನ್ನು ಅಲ್ಲಿ ಇಟ್ಟಿರುವುದೂ ಅದಕ್ಕೇ.

ಕುಳಿತ ತಕ್ಷಣ ಬ್ರೆಡ್, ಅದಕ್ಕೆ ಹಚ್ಚಿಕೊಳ್ಳಲು ಅಲಿಯೋಲಿ ಎಂಬ ಬೆಳ್ಳುಳ್ಳಿ ಸಾಸ್, ಒಂದಿಷ್ಟು ಆಲಿವ್ ಬಂದವು. ನಾವು ಕೇಳಿರಲಿಲ್ಲ. ನೀರು ಕೇಳಿದ್ದಕ್ಕೆ ಬಾಟಲಿ ತೆರೆದುಕೊಂಡೇ ಬಂದರು. ಆಮೇಲೆ ಪರಿಚಾರಕ ದೊಡ್ಡ ತಟ್ಟೆಯಲ್ಲಿ ಮಂಜುಗಡ್ಡೆಯ ಮೇಲೆ ಹಸಿ ಮೀನು ಜೋಡಿಸಿಕೊಂಡು ಬಂದ. ನಮ್ಮ ಮಂಗಳೂರು, ಉಡುಪಿಯ ಹೋಟೆಲುಗಳಲ್ಲೂ ಹೀಗೇ ತಾನೆ? ಮಸಾಲೆ ಹಚ್ಚಿದ ಅಂಜಲ್, ಮಾಂಜಿ, ಕಾಣೆ ತಟ್ಟೆಯಲ್ಲಿ ತರುತ್ತಾರೆ, ನಾವು ಬೆರಳು ತೋರಿಸಿ ದರ ಕೇಳುತ್ತೇವೆ, ಅವರು ಆ ತುಂಡಿನ ದರ ಹೇಳುತ್ತಾರೆ. ಹೇಳಿದ್ದೇ ದರ. ಬಿಲ್ಲಿನಲ್ಲೂ ಅದೇ ಇರುತ್ತದೆ.

ನಾನು ಒಂದು ಲುಬಿನಾ ತೋರಿಸಿದೆ. ಇಂಗ್ಲಿಷಿನಲ್ಲಿ ಸೀ ಬಾಸ್ ಎನ್ನುತ್ತಾರಲ್ಲ, ಅದು. ಭಾವ ಕಿವಿರು ಎತ್ತಿ ನೋಡಿ, "ಮೀನು ಹೊಸತು. ಆದರೆ ಒಂದು ಕಿಲೋ ಬಂದರೆ ಹೆಚ್ಚು" ಎಂದರು. ಇದಕ್ಕೆ ಎಷ್ಟು ಎಂದು ನಾನು ಕೇಳಿದೆ. ಬೆರಳು ಮೀನಿನ ಮೇಲೆಯೇ ಇತ್ತು. ಆತ, "ಎಪ್ಪತ್ತೆರಡು" ಎಂದ. ಬೇರೇನೂ ಇಲ್ಲ, ಎಪ್ಪತ್ತೆರಡು. ದುಬಾರಿಯೇ, ಆದರೆ ನಾಲ್ಕು ಜನರಿಗೆ ಒಂದು ಮೀನು, ಭಾವನ ಮುಂದೆ ಜಿಪುಣತನ ಬೇಡ ಎಂದು ಒಪ್ಪಿದೆ. ಆತ ಕೆಂಪು ಸಿಗಡಿಯನ್ನೂ ತೋರಿಸಿ, "ಸ್ವಲ್ಪ ರುಚಿ ನೋಡಿ" ಎಂದ. ಸ್ವಲ್ಪ! ಒಂದು ಸಲಾಡನ್ನೂ ಹೇಳಿದೆವು. ಮೀನು ಬರುವಾಗ ಉದ್ದಕ್ಕೆ ಸೀಳಿ, ಮುಳ್ಳು ತೆಗೆದು, ಬೆಳ್ಳುಳ್ಳಿಯೆಣ್ಣೆ ಸುರಿದು ಬಂತು. ತಲೆ ಇಲ್ಲ. ನಾವು ನೋಡಿದ ಮೀನು ಅದೇಯೋ ಬೇರೆಯೋ ಎಂದು ಭಾವನಿಗೂ ಹೇಳಲಾಗಲಿಲ್ಲ.

ಬಿಲ್ ಬಂತು. ಲುಬಿನಾ 1.450 ಕಿಲೋ, ಕಿಲೋಗೆ 72 ಯೂರೊ, ಒಟ್ಟು 104.40. ಸಿಗಡಿ 250 ಗ್ರಾಂ, 45 ಯೂರೊ. ಬ್ರೆಡ್ ಮತ್ತು ಸೇವೆ ತಲೆಗೆ 2.50ರಂತೆ 10. ನೀರು ಎರಡು ಬಾಟಲಿ, 9. ಓದುತ್ತಾ ಹೋದಂತೆ ಕಿವಿ ಬಿಸಿಯಾಯಿತು. ಅಕ್ಕ "ಎಷ್ಟಾಯಿತು?" ಎಂದು ಕೇಳುತ್ತಿದ್ದಾಳೆ, ನಾನು ಬಿಲ್ ಮಡಿಸಿ ಕೈಯಲ್ಲಿ ಮುಚ್ಚಿಕೊಂಡಿದ್ದೇನೆ.

ಎಪ್ಪತ್ತೆರಡು ಎಂದಿರಲ್ಲ ಎಂದು ಕೇಳಿದೆ. "ಹೌದು, ಕಿಲೋಗೆ. ಮೀನನ್ನು ಎಲ್ಲ ಕಡೆಯೂ ಕಿಲೋ ಲೆಕ್ಕದಲ್ಲೇ ಮಾರುತ್ತಾರೆ, ನಿಮ್ಮ ದೇಶದಲ್ಲಿ ಹಾಗಲ್ಲವೆ?" ಎಂದ. ಕಿಲೋಗೆ ಎಂದು ನೀವು ಹೇಳಲೇ ಇಲ್ಲ ಎಂದೆ. "ನೀವು ಕೇಳಲಿಲ್ಲ." ಮೆನುವಿನಲ್ಲಿ ದರ ಎಲ್ಲಿದೆ ಎಂದೆ. ಲುಬಿನಾ ಎದುರಿಗೆ "ಎಸ್/ಎಂ" ಎಂದು ಎರಡಕ್ಷರ ತೋರಿಸಿದ, ಅಂದರೆ ಅಂದಿನ ಮಾರುಕಟ್ಟೆಯ ದರ. ಯಾವ ಮಾರುಕಟ್ಟೆ, ಯಾವ ದರ? ಅದನ್ನು ಎಲ್ಲೂ ಬರೆದಿರಲಿಲ್ಲ. ಎಲ್ಲೂ ಇಲ್ಲ. ತೂಕ ಮಾಡಿದ್ದು ಯಾರ ಮುಂದೆ ಎಂದು ಕೇಳಿದಾಗ ಬಂದ ಉತ್ತರ ಈಗಲೂ ಹೊಟ್ಟೆ ಉರಿಸುತ್ತದೆ: "ಮೀನನ್ನು ತಿಂದು ಮುಗಿಸಿದ್ದೀರಿ ಸರ್, ಈಗ ಹೇಗೆ ತೂಗಲಿ?" ಹೇಳಿ ನಕ್ಕ. ಪಕ್ಕದ ಮೇಜಿನವರೂ ನಕ್ಕರು. ಭಾವ ಒಂದೂ ಮಾತಾಡಲಿಲ್ಲ. ಅವರು ಬೈದಿದ್ದರೆ ಚೆನ್ನಾಗಿತ್ತು.

ಸ್ಪೇನಿನಲ್ಲಿ ಪ್ರತಿ ಹೋಟೆಲೂ ಸರ್ಕಾರಿ ದೂರು ಹಾಳೆ ಇಟ್ಟುಕೊಂಡಿರಬೇಕು, ಕೇಳಿದ ಗ್ರಾಹಕರಿಗೆ ಕೊಡಬೇಕು. ಓಹಾ ದೆ ರೆಕ್ಲಮಾಸಿಯೋನೆಸ್ ಎಂದು ಕೇಳಬೇಕು. ಹಾಳೆ ಇದೆ ಎನ್ನುವ ಫಲಕ ಅಲ್ಲೇ ಗೋಡೆಯ ಮೇಲಿತ್ತು. ಕೇಳಿದೆ. ಮೀನು ಮಾರುವಾಗ ನೀರಿನಂತೆ ಹರಿದ ಆತನ ಇಂಗ್ಲಿಷ್ ಅಲ್ಲಿಗೆ ಬತ್ತಿಹೋಯಿತು. ಇನ್ನೊಬ್ಬರನ್ನು ಕರೆದ. ಅವರು, "ಹಾಳೆ ಮಾಲೀಕರ ಬಳಿ ಇದೆ, ನಾಳೆ ಬನ್ನಿ" ಎಂದರು. ನಾಳೆ ನಮ್ಮ ವಿಮಾನ ಎಂದೆ. "ಹಾಗಾದರೆ ಪ್ರಯಾಣ ಸುಖವಾಗಲಿ." ಹೀಗೇ ಹೇಳಿದರು, ನಗುನಗುತ್ತಾ. ಪೊಲೀಸಿಯಾ ಲೊಕಾಲ್‌ಗೆ ಫೋನ್ ಮಾಡುತ್ತೇನೆ ಎಂದು ಮೊಬೈಲ್ ತೆಗೆದೆ. ಐದು ನಿಮಿಷದಲ್ಲಿ ಹಾಳೆ ಸಿಕ್ಕಿತು. ಬ್ರೆಡ್ಡಿನ 10 ಯೂರೊವನ್ನೂ ಹೊಡೆದು ಹಾಕಿದರು, ನನಗೆ ಉಪಕಾರ ಮಾಡುವವರಂತೆ. ಉಳಿದ 182.40ನ್ನು ಕಾರ್ಡಿನಲ್ಲಿ ಕಟ್ಟಿದೆ.

ಮಾಲಗಾ ಇರುವ ಆಂಡಲೂಸಿಯಾ ಪ್ರಾಂತದಲ್ಲಿ ಇಂಥ ದೂರಿಗೆ ಹೋಟೆಲಿನವರು 10 ಕೆಲಸದ ದಿನಗಳೊಳಗೆ ಉತ್ತರಿಸಬೇಕು. ಉತ್ತರ ಬಂತು: "ಗ್ರಾಹಕರಿಗೆ ಮೀನು ತೋರಿಸಲಾಗಿದೆ, ದರ ತಿಳಿಸಲಾಗಿದೆ, ಅವರು ಒಪ್ಪಿದ್ದಾರೆ." ತೂಕದ ಬಗ್ಗೆ ಒಂದಕ್ಷರವಿಲ್ಲ. ಈಗ ಗ್ರಾಹಕರ ಕಚೇರಿಗೆ ಕಳಿಸಿದ್ದೇನೆ. ಹಣ ಬರುತ್ತದೆಂಬ ನಂಬಿಕೆಯಿಲ್ಲ, ಆದರೆ ಅವರು ಇನ್ನೊಂದು ಕಾಗದ ಬರೆಯಲಿ, ಅಷ್ಟಾದರೂ ಆಗಲಿ.

ಹೋಗುವವರು ಹೋಗಿ, ಎಸ್ಪೆತೊ ತಿನ್ನಿ. ಇಡೀ ಮೀನು ಬೇಕಿದ್ದರೆ ಒಲೆಗೆ ಹೋಗುವ ಮೊದಲು ನಿಮ್ಮ ಕಣ್ಣೆದುರು ತಕ್ಕಡಿಗೆ ಹಾಕಿಸಿ, "ಕ್ವಾಂತೊ ಎನ್ ತೊತಾಲ್?" ಎಂದು ಕೇಳಿ, ಒಟ್ಟು ಮೊತ್ತವನ್ನು ಕಾಗದದಲ್ಲಿ ಬರೆಸಿಕೊಳ್ಳಿ. ಬರೆಯಲು ಹಿಂಜರಿದರೆ ಎದ್ದು ನಡೆಯಿರಿ. ಕೇಳದ ಬ್ರೆಡ್ಡನ್ನು ಮುಟ್ಟದೆ ವಾಪಸ್ ಕಳಿಸಿ. ನೀರಿಗೆ "ಅಗ್ವಾ ದೆಲ್ ಗ್ರಿಫೊ" ಎನ್ನಿ. 2022ರ ಕಾನೂನಿನ ಪ್ರಕಾರ ನಲ್ಲಿಯ ನೀರನ್ನು ಅವರು ಬಿಟ್ಟಿ ಕೊಡಲೇಬೇಕು, ಇದನ್ನು ನಾನು ಆ 9 ಯೂರೊ ಕೊಟ್ಟ ಮೇಲೆ ತಿಳಿದುಕೊಂಡೆ. ಭಾನುವಾರ ದೋಣಿಗಳಿಗೆ ರಜೆ ಇರುವುದರಿಂದ ಸೋಮವಾರದ "ಇಂದಿನ ಮೀನು" ಎಂಬ ಮಾತನ್ನೂ ಅಷ್ಟಾಗಿ ನಂಬಬೇಡಿ. ಆ ತೀರಕ್ಕೇ ಹೋಗುವವರಿದ್ದರೆ ನನಗೆ ಸಂದೇಶ ಕಳಿಸಿ, ಬಿಲ್ಲಿನ ಚಿತ್ರವನ್ನೂ ಆ ಎರಡಕ್ಷರದ ಮೆನುವಿನ ಚಿತ್ರವನ್ನೂ ಕಳಿಸುತ್ತೇನೆ.